ಅಗೆಯದೆ ಉಳಿದ ಸಮಾಧಿ

ಕೇಳುಗರೆಲ್ಲರಿಗೂ ನಮಸ್ಕಾರ.

ಐರ್ಲೆಂಡ್ ದೇಶದ ವಾಯವ್ಯ ಕರಾವಳಿಯಲ್ಲಿ, ಸ್ಲೈಗೊ ಪಟ್ಟಣದ ಪಶ್ಚಿಮಕ್ಕೆ, ನಾಕ್ನರೇ ಎಂಬ ಸುಣ್ಣಕಲ್ಲಿನ ಬೆಟ್ಟವಿದೆ. ಅದರ ಎತ್ತರ 327 ಮೀಟರ್. ಚಪ್ಪಟೆಯಾದ ಅದರ ನೆತ್ತಿಯ ಮೇಲೆ ಸುಮಾರು 55 ಮೀಟರ್ ಅಗಲದ, 10 ಮೀಟರ್ ಎತ್ತರದ ಕಲ್ಲುಗುಪ್ಪೆಯೊಂದು ಸುತ್ತಲಿನ ಬಯಲಿಗೆಲ್ಲ ಕಾಣುವಂತೆ ನಿಂತಿದೆ. ನವಶಿಲಾಯುಗದ ಬೇಸಾಯಗಾರರು ಐದು ಸಾವಿರ ವರ್ಷಗಳಷ್ಟು ಹಿಂದೆ, ಲೋಹದ ಉಪಕರಣಗಳನ್ನೇ ಅರಿಯದ ಕಾಲದಲ್ಲಿ, ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಸಮಾಧಿ ಇದು. ಇದೇ ಬಗೆಯ ಇತರ ಸಮಾಧಿಗಳನ್ನು ಆಧಾರವಾಗಿಟ್ಟುಕೊಂಡರೆ, ಒಳಗೆ ಇಕ್ಕಟ್ಟಾದ ಕಲ್ಲಿನ ಓಣಿಯೂ ಅದರ ಕೊನೆಯಲ್ಲಿ ಸತ್ತವರ ಮೂಳೆಗಳನ್ನಿಟ್ಟ ಕೋಣೆಯೂ ಇರಬೇಕು. ಖಚಿತವಾಗಿ ಹೇಳಲಾಗದು, ಏಕೆಂದರೆ ಈ ಗುಪ್ಪೆಯ ಉತ್ಖನನ ಇಂದಿಗೂ ನಡೆದಿಲ್ಲ.

ಒಳಗಿರುವವಳು ಕಾನಾಟ್ ಸೀಮೆಯ ರಾಣಿ ಮೇವ್ ಎಂದೂ, ವೈರಿಗಳಾದ ಅಲ್ಸ್ಟರಿನವರ ಕಡೆಗೆ ಮುಖ ಮಾಡಿ ನಿಂತ ಭಂಗಿಯಲ್ಲೇ ಅವಳನ್ನು ಹೂಳಲಾಗಿದೆಯೆಂದೂ ಅಲ್ಲಿನ ಐತಿಹ್ಯ ಹೇಳುತ್ತದೆ. ಮೇವಳ ಕಥೆಗಳು ಗುಪ್ಪೆಗಿಂತ ಸಾವಿರಾರು ವರ್ಷ ಈಚಿನವು. ಆದರೂ ಕಟ್ಟಿದವರು ಮರೆತುಹೋದ ಮೇಲೂ ಆ ನೆತ್ತಿಗೆ ಒಡೆಯರಿದ್ದಾರೆಂಬ ಭಾವನೆಯನ್ನು ಜನರಲ್ಲಿ ಉಳಿಸಿದ್ದು ಈ ಕಥೆಯೇ ಎಂದು ನಾನು ನಂಬುತ್ತೇನೆ.

ಸಮಾಧಿಯನ್ನು ತೆರೆಯದೆಯೂ ಬೆಟ್ಟ ಬಹಳಷ್ಟನ್ನು ತಿಳಿಸಿದೆ. ಇಳಿಜಾರಿನಲ್ಲಿ ಗುಡಿಸಲುಗಳ ನೆಲೆಗಳು, ಉದ್ದನೆಯ ದಿಣ್ಣೆಗಳು, ಹೆರೆಯಲು ಬಳಸುತ್ತಿದ್ದ ಕಲ್ಲಿನ ಉಪಕರಣಗಳು ದೊರೆತಿವೆ. ಬೆಟ್ಟದ ಮೈಯಲ್ಲಿರುವ ಚಿಕ್ಕ ಗುಹೆಯೊಂದರಲ್ಲಿ 2013ರಲ್ಲಿ ಮನುಷ್ಯರ ಕೆಲವು ಮೂಳೆಚೂರುಗಳು ಸಿಕ್ಕವು. ಅವುಗಳಲ್ಲಿ ವಯಸ್ಕರೊಬ್ಬರವೂ, ಅವರಿಗಿಂತ ಕೆಲವು ಶತಮಾನ ಈಚಿನ ಮಗುವೊಂದರವೂ ಇದ್ದವು. ಸಿಕ್ಕವು ಸಣ್ಣ ಮೂಳೆಗಳು ಮಾತ್ರ. ಶವವನ್ನು ಮೊದಲು ಗುಹೆಯಲ್ಲಿರಿಸಿ, ಮಾಂಸ ಕರಗಿದ ಮೇಲೆ ದೊಡ್ಡ ಮೂಳೆಗಳನ್ನು ಆಯ್ದು ಬೇರೆಡೆಗೆ ಒಯ್ಯುತ್ತಿದ್ದರೆಂಬುದು ಸಂಶೋಧಕರ ವಿವರಣೆ. ಮಗುವಿನ ಮೂಳೆಗಳನ್ನೂ ಅಷ್ಟೇ ಶ್ರದ್ಧೆಯಿಂದ ಆಯ್ದ ಆ ಕೈಗಳನ್ನು ನೆನೆದಾಗ, ಸಾವು ಆ ಜನರಿಗೆ ಒಂದು ದಿನದ ಸಂಸ್ಕಾರವಾಗಿರದೆ ದೀರ್ಘಕಾಲದ ಹೊಣೆಯಾಗಿತ್ತೆಂಬುದು ಮನಸ್ಸಿಗೆ ತಟ್ಟುತ್ತದೆ.

ಹಾಗಾದರೆ ಗುಪ್ಪೆಯನ್ನೇ ಏಕೆ ತೆರೆಯಬಾರದು? ಅದೇ ಜಿಲ್ಲೆಯ ಕ್ಯಾರೋಕೀಲ್ ಬೆಟ್ಟಗಳ ಸಮಾಧಿಗಳನ್ನು 1911ರಲ್ಲಿ ಮೆಕ್ಯಾಲಿಸ್ಟರ್, ಪ್ರೇಗರ್, ಆರ್ಮ್‌ಸ್ಟ್ರಾಂಗ್ ಎಂಬ ವಿದ್ವಾಂಸರು ಅವಸರದಿಂದ ಅಗೆದರು. ಯಾವ ಮೂಳೆ ಯಾವುದರ ಪಕ್ಕದಲ್ಲಿತ್ತು, ಯಾವ ಪದರದಲ್ಲಿತ್ತು ಎಂಬ ವಿವರಗಳಲ್ಲಿ ಹೆಚ್ಚಿನವು ಆಗಲೇ ಅಳಿಸಿಹೋದವು. ಶತಮಾನದ ನಂತರ, 2020ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವು ಕ್ಯಾರೋಕೀಲ್ ಮತ್ತು ನಾಕ್ನರೇ ಬಳಿಯ ಕ್ಯಾರೋಮೋರ್ ಸಮಾಧಿಗಳಲ್ಲಿದ್ದವರಿಗೂ ದೇಶದ ಇನ್ನೊಂದು ಬದಿಯ ನ್ಯೂಗ್ರೇಂಜ್ ಸಮಾಧಿಯಲ್ಲಿದ್ದ ಪುರುಷನಿಗೂ ದೂರದ ರಕ್ತಸಂಬಂಧವಿತ್ತೆಂದು ತೋರಿಸಿತು. 1911ರಲ್ಲಿ ಗುದ್ದಲಿ ಹಿಡಿದವರಿಗೆ ಮೂಳೆಯಿಂದ ಇಂಥ ಪ್ರಶ್ನೆಯನ್ನು ಕೇಳಬಹುದೆಂಬ ಕಲ್ಪನೆಯೂ ಇರಲಿಲ್ಲ. ನಾವಿಂದು ಕೇಳಲರಿಯದ ಪ್ರಶ್ನೆಗಳಿಗೆ ನಾಕ್ನರೇಯಲ್ಲಿ ಉತ್ತರಗಳು ಕೆಡದೆ ಉಳಿದಿರಬಹುದು. ಉತ್ಖನನವಾದರೋ ಒಂದೇ ಬಾರಿ ಮಾಡಬಹುದಾದ ಕೆಲಸ.

ಗುಪ್ಪೆಗೆ ಈಗ ಅಪಾಯ ಒದಗಿರುವುದು ಅದನ್ನು ಪ್ರೀತಿಸಿ ಬರುವವರಿಂದ. ಬೆಟ್ಟ ಹತ್ತಿದವರು ಗುಪ್ಪೆಯನ್ನೂ ಹತ್ತುತ್ತಾರೆ. ಕಾಲಿಟ್ಟಲ್ಲೆಲ್ಲ ಕಲ್ಲುಗಳು ಜಾರಿ ಕೆಳಗುರುಳುತ್ತವೆ. ನೆನಪಿಗೆಂದು ಕಲ್ಲು ಒಯ್ಯುವವರೂ ಇದ್ದಾರೆ. ಸ್ಲೈಗೊದ ಈ ಸಮಾಧಿಗಳ ನೆಲವನ್ನು ವಿಶ್ವ ಪರಂಪರೆಯ ತಾಣವಾಗಿ ಸೂಚಿಸಲು ಐರ್ಲೆಂಡ್ ಸರ್ಕಾರ 2022ರಲ್ಲಿ ತನ್ನ ಸಂಭಾವ್ಯ ಪಟ್ಟಿಗೆ ಸೇರಿಸಿದೆ. ಗುಪ್ಪೆಯನ್ನು ಹತ್ತಬೇಡಿರೆಂಬ ಮನವಿಯೂ ಅಲ್ಲಿದೆ. ನಮ್ಮಲ್ಲಿ ಯಾರಾದರೂ ಆ ಕಡೆಗೆ ಹೋದರೆ ಅದನ್ನು ದಯವಿಟ್ಟು ಪಾಲಿಸಬೇಕು. ಸುತ್ತಲಿನ ಕಡಲನ್ನೂ ಬಯಲನ್ನೂ ಗುಪ್ಪೆಯ ಬುಡದಲ್ಲೇ ನಿಂತು ಧಾರಾಳವಾಗಿ ನೋಡಬಹುದು.