‘ವೀಕ್ನೆಸ್’ ಅಂದ್ರೆ ಕಾಯಿಲೆಯ ಹೆಸರಲ್ಲ

ನಮಸ್ಕಾರ. ಇವತ್ತು ಒಂದು ಪದದ ಮೇಲಿನ ಸಿಟ್ಟು ತೀರಿಸಿಕೊಳ್ಳುತ್ತೇನೆ. ಆ ಪದ ‘ವೀಕ್ನೆಸ್’.

ನಮ್ಮ ನೆಂಟರ ಮನೆಯ ಹುಡುಗಿ. 19 ವಯಸ್ಸು. ಮೊಸರನ್ನಕ್ಕೂ ಮೇಲಿಂದ ಉಪ್ಪು ಹಾಕಿಕೊಳ್ಳುತ್ತಾಳೆ. ಉಪ್ಪಿನಕಾಯಿ ರಸವನ್ನು ಚಮಚದಲ್ಲಿ ಕುಡಿಯುತ್ತಾಳೆ. ರಾತ್ರಿ ಮೀನಖಂಡ ಸೆಟೆದುಕೊಂಡು ಅಳುತ್ತಾಳೆ. ಬಿಪಿ ಯಾವಾಗಲೂ ಕಡಿಮೆ. ಕ್ಲಿನಿಕ್‌ಗೆ ಹೋದಾಗೆಲ್ಲ ಒಂದೇ ಮಾತು: ವೀಕ್ನೆಸ್. ಒಂದು ಡ್ರಿಪ್, ಒಂದು ಟಾನಿಕ್, ‘ಚೆನ್ನಾಗಿ ತಿನ್ನಮ್ಮ’.

ಒಮ್ಮೆ ಯಾರೋ ರಕ್ತದಲ್ಲಿ ಪೊಟ್ಯಾಸಿಯಂ ನೋಡಿದರು. ಕನಿಷ್ಠ 3.5 ಇರಬೇಕಾದದ್ದು 2.6 ಇತ್ತು. ಸಿರಪ್ ಕೊಟ್ಟರು, ಏರಿತು. ನಿಲ್ಲಿಸಿದರು, ಇಳಿಯಿತು. ಮತ್ತೆ ಸಿರಪ್. ಯಾಕೆ ಇಳಿಯುತ್ತಿದೆ ಅಂತ ಯಾರೂ ಕೇಳಲಿಲ್ಲ! ಕೇಳಿದ ಒಬ್ಬರೂ, ತೆಳ್ಳಗಾಗಲು ಕದ್ದು ವಾಂತಿ ಮಾಡಿಕೊಳ್ಳುತ್ತೀಯಾ ಅಂತ ಅವಳನ್ನೇ ಗದರಿಸಿದರು. ಆ ಅನುಮಾನ ತಪ್ಪಲ್ಲ, ವಾಂತಿಯಿಂದಲೂ ಪೊಟ್ಯಾಸಿಯಂ ಹೀಗೇ ಇಳಿಯುತ್ತೆ. ಆದರೆ ಮೂತ್ರ ಪರೀಕ್ಷೆ ಮಾಡಿಸದೆ ಗದರಿಸಿದ್ದು ತಪ್ಪು.

ಕೊನೆಗೆ ಕಿಡ್ನಿ ಡಾಕ್ಟರೊಬ್ಬರು ಮೆಗ್ನೀಸಿಯಂ ನೋಡಿಸಿದರು, ಮೂತ್ರದ ಕ್ಯಾಲ್ಸಿಯಂ ನೋಡಿಸಿದರು. ಎರಡೂ ಕಡಿಮೆ. ಕಾಯಿಲೆಯ ಹೆಸರು ಗಿಟೆಲ್ಮನ್ ಸಿಂಡ್ರೋಮ್. ಹಿಲೆಲ್ ಗಿಟೆಲ್ಮನ್ ಮತ್ತು ಜೊತೆಗಾರರು 1966ರಲ್ಲೇ ಇದನ್ನು ವಿವರಿಸಿದ್ದರು. 1996ರಲ್ಲಿ ಇದರ ಜೀನ್ ಕೂಡ ಸಿಕ್ಕಿತು.

ನಮ್ಮ ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ನೀರು ಸೋಸುತ್ತೆ. ಅದರ ಜೊತೆ ಸುಮಾರು ಒಂದೂವರೆ ಕಿಲೋ ಉಪ್ಪು. ಹೌದು, ಕಿಲೋ! ಹೆಚ್ಚುಕಡಿಮೆ ಎಲ್ಲವನ್ನೂ ಮತ್ತೆ ಒಳಗೆ ಎಳೆದುಕೊಳ್ಳುತ್ತೆ. ಹಾಗೆ ಎಳೆದುಕೊಳ್ಳುವ ಬಾಗಿಲುಗಳಲ್ಲಿ ಒಂದು ಈ ಹುಡುಗಿಗೆ ಹುಟ್ಟಿನಿಂದಲೇ ಸರಿಯಿಲ್ಲ. ಬಿಪಿಗೆ ಕೊಡುವ ಥಯಾಜೈಡ್ ಮಾತ್ರೆ ಮುಚ್ಚುವುದೂ ಇದೇ ಬಾಗಿಲನ್ನು. ಅಂದ್ರೆ ಹುಟ್ಟಿದಾಗಿನಿಂದ ಬಿಪಿ ಮಾತ್ರೆ ನುಂಗುತ್ತಿರುವವರ ಹಾಗೆ ಇವಳ ಸ್ಥಿತಿ. ಉಪ್ಪು ಸೋರಿಹೋಗುತ್ತೆ. ಇರುವಷ್ಟನ್ನಾದರೂ ಉಳಿಸಿಕೊಳ್ಳಲು ದೇಹ ಆಲ್ಡೋಸ್ಟೆರೋನ್ ಹಾರ್ಮೋನನ್ನು ಜಾಸ್ತಿ ಬಿಡುತ್ತೆ. ಆ ಹಾರ್ಮೋನು ಉಪ್ಪನ್ನು ಹಿಡಿದು ಪೊಟ್ಯಾಸಿಯಂ ಅನ್ನು ಹೊರಗೆ ತಳ್ಳುತ್ತೆ. ಮೆಗ್ನೀಸಿಯಂ ಕೂಡ ಹೋಗುತ್ತೆ. ಮೆಗ್ನೀಸಿಯಂ ತುಂಬಿಸದೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ನಿಲ್ಲುವುದು ಕಷ್ಟ. ಆ ಸಿರಪ್ ಬಾಟಲಿಗಳ ಕಥೆ ಈಗ ಅರ್ಥವಾಯಿತಲ್ವಾ? ಉಪ್ಪಿನ ಚಪಲ ಅಂತ ನಾವು ನಗುತ್ತಿದ್ದೆವು. ಅವಳ ನಾಲಿಗೆ ಲ್ಯಾಬ್‌ಗಿಂತ ಮೊದಲೇ ರಿಪೋರ್ಟ್ ಕೊಟ್ಟಿತ್ತು.

ಇದನ್ನು ಕೇಳಿ ಬಿಪಿ ಇರುವವರು ಉಪ್ಪಿನಕಾಯಿ ಭರಣಿಗೆ ಕೈ ಹಾಕಬೇಡಿ, ಮಾರಾಯ್ರೆ. ಪೊಟ್ಯಾಸಿಯಂ ಮಾತ್ರೆಯನ್ನೂ ಸುಮ್ನೆ ನುಂಗಬೇಡಿ. ಕಿಡ್ನಿ ಸೋತವರಿಗೆ ಅದು ಜೀವಕ್ಕೇ ಅಪಾಯ. ನಾನು ಕೇಳುತ್ತಿರುವುದು ಇಷ್ಟೇ: ಪದೇಪದೇ ಸುಸ್ತು, ಸೆಳೆತ, ಕಡಿಮೆ ಬಿಪಿ ಇದ್ದರೆ ಡ್ರಿಪ್ ಏರಿಸುವ ಮೊದಲು ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿಸಿ. ಪೊಟ್ಯಾಸಿಯಂ ಎರಡನೇ ಸಲವೂ ಇಳಿದಿದ್ದರೆ ‘ಯಾಕೆ’ ಅಂತ ಕೇಳಿ. ನಾಚಿಕೆ ಬೇಡ.

ಹೆಸರು ಸಿಕ್ಕ ಮೇಲೆ ಮನೆಯಲ್ಲಿ ಇನ್ನೊಂದು ಜಗಳ. ‘ನಿಮ್ಮ ಕಡೆಯಿಂದ ಬಂದದ್ದು’ ಅಂತ ಅತ್ತೆ ಸೊಸೆಗೆ. ಈ ಕಾಯಿಲೆ ಬರಬೇಕಾದರೆ ಆ ಜೀನ್‌ನ ಕೆಟ್ಟ ಪ್ರತಿ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಬರಬೇಕು. ಒಂದೇ ಇದ್ದವರು ಆರಾಮವಾಗಿರುತ್ತಾರೆ, ಗೊತ್ತೂ ಆಗುವುದಿಲ್ಲ. ಇಲ್ಲಿ ಹುಡುಗಿಯ ಅಮ್ಮ ಮದುವೆಯಾದದ್ದು ತನ್ನ ಸೋದರಮಾವನನ್ನೇ. ಅತ್ತೆ ಅಂದ್ರೆ ಸೊಸೆಯ ಸ್ವಂತ ಅಜ್ಜಿ! ಯಾವ ‘ಕಡೆ’ ಅಂತ ಬೆರಳು ತೋರಿಸ್ತೀರಿ?

ಹೋದ ತಿಂಗಳು ಒಂದು ಮದುವೆಯಲ್ಲಿ ಅವಳ ಪಕ್ಕ ಊಟಕ್ಕೆ ಕೂತಿದ್ದೆ. ಎಲೆ ತುದಿಗೆ ಉಪ್ಪು ಹಾಕುವವನನ್ನು ಕರೆದು ಇನ್ನಷ್ಟು ಹಾಕಿಸಿಕೊಂಡಳು. ಎದುರು ಸಾಲಿನ ದೊಡ್ಡಮ್ಮ, ‘ಬಿಪಿ ಬರುತ್ತೆ ಕಣೇ’ ಅಂದರು.

‘ಬರಲಿ ದೊಡ್ಡಮ್ಮ, ಅದಕ್ಕೇ ಕಾಯ್ತಿದ್ದೀನಿ’ ಅಂದಳು.