ಕಥೆಯ ಕೆಳಗಿನ ಸಹಿ

ಕೇಳುಗರೆಲ್ಲರಿಗೂ ನಮಸ್ಕಾರ.

1912ರಲ್ಲಿ ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಗೌರಮ್ಮ ತಮ್ಮ ಕಥೆಗಳ ಕೆಳಗೆ ಹಾಕುತ್ತಿದ್ದ ಸಹಿ, ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ಪತಿ ಗೋಪಾಲಕೃಷ್ಣರ ಹೆಸರು ಅದು. ಯಾರೋ ಬಲವಂತ ಮಾಡಿದರೆಂದು ನಾನು ಹೇಳುತ್ತಿಲ್ಲ, ಕಾಲದ ವಾಡಿಕೆ ಹಾಗಿತ್ತು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಲೇಬೇಕೆಂದು ಉಪವಾಸ ಕೂತು ಗೆದ್ದ ಹೆಣ್ಣುಮಗಳು ಇವರೇ. ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟವರು. ಇಂಥವರ ಕಥೆಯ ಕೆಳಗೆ ಅವರ ಹೆಸರೇ ಇರಲಿಲ್ಲ!

ನನ್ನಜ್ಜಿ ಅಜ್ಜನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ‘ಇವರು’, ‘ನಮ್ಮನೆಯವರು’, ಅಷ್ಟೇ. ಹೆಸರೆತ್ತಿದರೆ ಗಂಡನ ಆಯುಷ್ಯ ಕುಂದೀತೆಂಬ ಅಂಜಿಕೆ. ನಾಲಿಗೆ ನುಡಿಯಬಾರದ ಹೆಸರನ್ನೇ ಲೇಖನಿ ಬರೆಯಬೇಕು. ಇದು ನನ್ನನ್ನು ಬಹಳ ಕಾಡಿದೆ.

ಅದಕ್ಕೇ ಕಥೆ ಓದುವಾಗ ನಾನು ಕ್ರಿಯಾಪದಗಳ ಬೆನ್ನು ಹತ್ತುತ್ತೇನೆ. ‘ಅವಳನ್ನು ಸೋಮವಾರಪೇಟೆಗೆ ಕೊಟ್ಟರು.’ ‘ಆ ಮನೆಯಿಂದ ಹೆಣ್ಣು ತಂದರು.’ ಕೊಡುವವರಿದ್ದಾರೆ, ತರುವವರಿದ್ದಾರೆ. ಅವಳು ಮಾತ್ರ ದ್ವಿತೀಯಾ ವಿಭಕ್ತಿ. ಇನ್ನು ‘ಅವಳು ಹೊರಗಾದಳು’ ಎಂಬ ಮಾತು ನೋಡಿ. ಇಲ್ಲಿ ಕರ್ತೃ ಅವಳೇನೋ ಹೌದು, ಆದರೆ ಆ ಕ್ರಿಯಾಪದವೇ ಅವಳನ್ನು ಜಗಲಿಯ ಮೂಲೆಗೆ ಕೂರಿಸುತ್ತದೆ. ಮುಟ್ಟು ದೇಹದ ಸಂಗತಿ. ‘ಹೊರಗೆ’ ಎಂಬುದು ಮನೆಯ ತೀರ್ಪು. ‘ಬಂಜೆ’ಗೆ, ‘ಮುತ್ತೈದೆ’ಗೆ ಜೋಡಿಯಾಗುವ ಪುಲ್ಲಿಂಗದ ಮಾತಂತೂ ನಮ್ಮ ದಿನಬಳಕೆಯಲ್ಲೇ ಇಲ್ಲ.

ನಮ್ಮ ಕಾಫಿ ನಾಡಿನ ಮಾತನ್ನೇ ಹೇಳುತ್ತೇನೆ. ‘ರಾಯರು ಬಂದು ಕೂತರು, ಹೆಂಡತಿ ಕಾಫಿ ತಂದಿಟ್ಟಳು.’ ಎಷ್ಟು ಸಹಜವಾಗಿ ಓದಿಕೊಂಡು ಹೋಗುತ್ತೇವೆ! ಬಹುವಚನದ ಗೌರವ ಅಲ್ಪವಿರಾಮದವರೆಗೆ ಬಂದು ನಿಂತುಬಿಟ್ಟಿತು. ರಾಯರಿಗೆ ಹೆಸರಿನ ಜಾಗದಲ್ಲಿ ಒಂದು ಮರ್ಯಾದೆಯಾದರೂ ಇದೆ, ಆಕೆಗೆ ಅದೂ ಇಲ್ಲ. ಕಥೆಗಾರರು ಇದನ್ನು ಬೇಕೆಂದು ಬರೆದಿರಲಿಕ್ಕಿಲ್ಲ. ಬೇಕೆಂದು ಬರೆಯದೆಯೂ ಬರುತ್ತದಲ್ಲ, ನನಗೆ ನೋವಾಗುವುದು ಅಲ್ಲೇ.

ಗೌರಮ್ಮ ವಿಧವೆಯರ ಬಗ್ಗೆ, ವರದಕ್ಷಿಣೆಯ ಬಗ್ಗೆ ಬರೆದರು. ಕೆಲವು ಕಡೆ ಪತ್ರಗಳ ಮೂಲಕ ಕಥೆ ಹೇಳಿದರು. ಪತ್ರವೆಂದರೆ ‘ನಾನು’ ಎಂದೇ ಶುರು. ಕೊಟ್ಟವರು, ತಂದವರು ಎಲ್ಲರೂ ಹಿಂದೆ ಸರಿದು, ಹೆಣ್ಣು ತನ್ನ ವಾಕ್ಯಕ್ಕೆ ತಾನೇ ಕರ್ತೃವಾಗುತ್ತಾಳೆ. ಆ ಕಾಲದ ಕೂಡುಮನೆಯಲ್ಲಿ ಹೆಣ್ಣೊಬ್ಬಳು ನಡುವೆ ಯಾರೂ ಬಾಯಿ ಹಾಕದಂತೆ ಮಾತು ಮುಗಿಸಬಹುದಾಗಿದ್ದ ಜಾಗ ಬಹುಶಃ ಒಂದು ಕಾಗದ ಮಾತ್ರ.

1939ರಲ್ಲಿ ಹೊಳೆಯಲ್ಲಿ ಈಜುವಾಗ ಅವರು ತೀರಿಕೊಂಡರು. ಇನ್ನೂ ಇಪ್ಪತ್ತೇಳರ ಪ್ರಾಯ. ಆಮೇಲೆ ಕನ್ನಡದ ಓದುಗರು ಅವರನ್ನು ಕೊಡಗಿನ ಗೌರಮ್ಮ ಎಂದು ಕರೆದರು. ಗಂಡನ ಹೆಸರಿದ್ದ ಕಡೆ ಊರಿನ ಹೆಸರು ಬಂತು, ಪಕ್ಕದಲ್ಲಿ ಅವರದೇ ಹೆಸರು.

ನಮಸ್ಕಾರ.