ಕ್ಲಬ್ಬಿನ ಯಜಮಾನ, ಕ್ಲಬ್ಬಿನ ಖಾತೆ

ಕೇಳುಗರೆಲ್ಲರಿಗೂ ನಮಸ್ಕಾರ.

ಶನಿವಾರ, ಭಾನುವಾರ ರಾತ್ರಿ ಹಾಸನದ ಹಾಸ್ಟೆಲುಗಳಲ್ಲಿ, ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಮನೆಗಳಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ನೋಡುವವರು ಈಗ ಕಡಿಮೆಯಿಲ್ಲ. ಮೆಚ್ಚಿನ ತಂಡ ಸೋತರೆ ಮಾರನೆಯ ದಿನ ಕೋಚನ್ನೋ, ಗೋಲು ತಪ್ಪಿಸಿದ ಹುಡುಗನನ್ನೋ ಬೈಯುತ್ತೇವೆ. ಆ ಸೋಲಿನ ಬೀಜ ಎಷ್ಟೋ ಸಲ ಐದಾರು ವರ್ಷ ಹಿಂದೆಯೇ, ಕ್ಲಬ್ಬು ಕೈ ಬದಲಾಯಿಸಿದ ದಿನವೇ ಬಿದ್ದಿರುತ್ತದೆ. ಇವತ್ತು ಆ ಕಡೆಗೆ ನೋಡೋಣ.

ಹೊಸ ಮಾಲೀಕ ಬಂದಾಗ ಎಲ್ಲರೂ ಕೇಳುವುದು ಅವನ ಹತ್ತಿರ ಎಷ್ಟು ದುಡ್ಡಿದೆ ಅಂತ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಎರಡಿವೆ. ಆ ದುಡ್ಡು ಕ್ಲಬ್ಬಿನೊಳಗೆ ಯಾವ ರೂಪದಲ್ಲಿ ಬಂತು? ಆಟದ ತೀರ್ಮಾನ ಯಾರು ಮಾಡುತ್ತಾರೆ?

ದುಡ್ಡು ಬರುವ ದಾರಿ ಮೂರು. ಮಾಲೀಕ ಷೇರು ಕೊಂಡು ಬಂಡವಾಳ ಹಾಕಬಹುದು. ಅದನ್ನು ಕ್ಲಬ್ಬು ವಾಪಸು ಕೊಡಬೇಕಾಗಿಲ್ಲ. ತಾನೇ ಕ್ಲಬ್ಬಿಗೆ ಸಾಲ ಕೊಡಬಹುದು. ಬಡ್ಡಿ ಇಲ್ಲದಿದ್ದರೂ ಅದು ಸಾಲವೇ. ಮೂರನೆಯದು, ಹೊರಗಿನಿಂದ ಸಾಲ ಎತ್ತಿ ಅದನ್ನು ಕ್ಲಬ್ಬಿನ ತಲೆಯ ಮೇಲೆ ಹೊರಿಸುವುದು. ಈ ಮೂರನೆಯ ದಾರಿಯನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರು ಕಾಫಿ ತೋಟ ಕೊಳ್ಳುತ್ತಾರೆ ಅಂದುಕೊಳ್ಳಿ. ಅದೇ ತೋಟವನ್ನು ಅಡವಿಟ್ಟು ಸಾಲ ತಂದು, ಮಾರಿದವರಿಗೆ ಕೊಡುತ್ತಾರೆ. ಆಮೇಲೆ ಫಸಲು ಬಂದಾಗೆಲ್ಲ ಮೊದಲು ಬಡ್ಡಿ ಕಟ್ಟಬೇಕು. ಗೊಬ್ಬರ, ಸುಣ್ಣ, ನೆರಳಿನ ಮರದ ಕೊಂಬೆ ಕಡಿಸುವ ಮರಗಸಿ, ಚಿಗುರು ತೆಗೆಯುವ ಕೂಲಿ ಎಲ್ಲ ಉಳಿದ ದುಡ್ಡಿನಲ್ಲಿ.

2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಗಿದ್ದು ಇದೇ. ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ ಕ್ಲಬ್ಬನ್ನು ಕೊಂಡಿತು. ಅದರಲ್ಲಿ ಬಹುಪಾಲು ಸಾಲ. 1931ರಿಂದ ಸಾಲದ ಕಾಟವಿಲ್ಲದೆ ಇದ್ದ ಕ್ಲಬ್ಬು ರಾತ್ರೋರಾತ್ರಿ ಸಾಲಗಾರನಾಯಿತು. ಅಲ್ಲಿಂದ ಬಡ್ಡಿ, ಲಾಭಾಂಶ, ಸಾಲದ ಖರ್ಚು ಅಂತ ಹೊರಗೆ ಹೋದದ್ದು 100 ಕೋಟಿ ಪೌಂಡ್ ದಾಟಿದೆ. ಆದರೆ ಆ ಗಾಯ ಕೂಡಲೇ ಕಾಣಲಿಲ್ಲ. ತಂಡದ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ 2013ರವರೆಗೆ ಇದ್ದರು, ಆ ಅವಧಿಯಲ್ಲೇ ತಂಡ ಐದು ಸಲ ಇಂಗ್ಲೆಂಡಿನ ಮೇಲಿನ ದರ್ಜೆಯ ಪ್ರೀಮಿಯರ್ ಲೀಗ್ ಗೆದ್ದಿತು. ಒಳ್ಳೆಯ ರೈಟರ್, ಅಂದರೆ ತೋಟದ ಉಸ್ತುವಾರಿ, ಇರುವ ಕಡೆ ಸಾಹುಕಾರರ ಸಾಲ ರಸ್ತೆಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಫರ್ಗುಸನ್ ಹೋದ ಮೇಲೆ ಇವತ್ತಿನವರೆಗೆ ಲೀಗ್ ಗೆದ್ದಿಲ್ಲ. 2024ರ ಮೇ ತಿಂಗಳಲ್ಲಿ ಆರ್ಸೆನಲ್ ಜೊತೆಗಿನ ಪಂದ್ಯ ಮುಗಿದು ಜೋರು ಮಳೆ ಬಿದ್ದಾಗ ಓಲ್ಡ್ ಟ್ರಾಫರ್ಡ್ ಮೈದಾನದ ಸೂರಿನಿಂದ ಪ್ರೇಕ್ಷಕರ ಗ್ಯಾಲರಿಗೆ ನೀರು ಧಾರೆಯಾಗಿ ಸುರಿಯಿತು. ರಿಪೇರಿಗೆ ಹೋಗಬೇಕಾದ ದುಡ್ಡು ಬಡ್ಡಿಗೆ ಹೋದರೆ ಸೂರು ಸೋರುತ್ತದೆ.

ಮಾಲೀಕ ಕೊಟ್ಟ ಬಡ್ಡಿಯಿಲ್ಲದ ಸಾಲ ಇದಕ್ಕಿಂತ ಮೆದು. ಚೆಲ್ಸಿಯನ್ನು 2003ರಲ್ಲಿ ಸುಮಾರು 14 ಕೋಟಿ ಪೌಂಡಿಗೆ ಕೊಂಡ ರಷ್ಯಾದ ಸಿರಿವಂತ ರೋಮನ್ ಅಬ್ರಮೋವಿಚ್ ಆಮೇಲೆ ಸುಮಾರು 150 ಕೋಟಿ ಪೌಂಡನ್ನು ಹೀಗೆಯೇ ಸುರಿದರು. ಕಪ್ಪುಗಳು ಬಂದವು, 2012 ಮತ್ತು 2021ರಲ್ಲಿ ಯುರೋಪಿನ ಚಾಂಪಿಯನ್ ಪಟ್ಟವೂ ಬಂತು. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದ ಕಾರಣಕ್ಕೆ ಬ್ರಿಟನ್ ಸರ್ಕಾರ ಅವರ ಆಸ್ತಿಗಳನ್ನು ತಡೆಹಿಡಿದಾಗ, ಅಷ್ಟು ದೊಡ್ಡ ಕ್ಲಬ್ಬು ಹೊಸದಾಗಿ ಟಿಕೆಟ್ ಮಾರಲಾಗದೆ, ತನ್ನ ಅಂಗಡಿಯಲ್ಲಿ ಒಂದು ಜೆರ್ಸಿ ಮಾರಲಾಗದೆ ಕೂತಿತು. ಅವರು ಸಾಲ ವಾಪಸು ಕೇಳಲಿಲ್ಲ, ಕ್ಲಬ್ಬು 250 ಕೋಟಿ ಪೌಂಡಿಗೆ ಬೇರೆಯವರ ಪಾಲಾಯಿತು. ಕೇಳಿದ್ದರೆ ಕಟ್ಟುವ ತಾಕತ್ತು ಆ ಕ್ಲಬ್ಬಿಗೆ ಇರಲಿಲ್ಲ.

ಲೆಸ್ಟರ್‌ನ ಥಾಯ್ ಮಾಲೀಕ ವಿಚೈ ಶ್ರೀವದ್ಧನಪ್ರಭ ತಾವು ಕೊಟ್ಟ 10 ಕೋಟಿ ಪೌಂಡಿಗೂ ಮಿಕ್ಕ ಸಾಲವನ್ನು ಷೇರಾಗಿ ಬದಲಾಯಿಸಿಬಿಟ್ಟರು. ಕ್ಲಬ್ಬಿನ ಬೆನ್ನಿನ ಹೊರೆ ಇಳಿಯಿತು, 2016ರಲ್ಲಿ ಯಾರೂ ನಂಬದಂತೆ ಲೀಗ್ ಗೆದ್ದಿತು. ಆದರೆ ಅವರ ಕುಟುಂಬದ ಆದಾಯ ಇದ್ದದ್ದು ಥಾಯ್ಲೆಂಡಿನ ವಿಮಾನ ನಿಲ್ದಾಣಗಳ ಸುಂಕರಹಿತ ಅಂಗಡಿಗಳಲ್ಲಿ. ಕೋವಿಡ್ ಬಂದು ವಿಮಾನಗಳು ನಿಂತವು, ಲೆಸ್ಟರ್‌ನಲ್ಲಿ ಆಟಗಾರರ ಸಂಬಳ ನಿಲ್ಲಲಿಲ್ಲ. ಆದಾಯದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಸಂಬಳಕ್ಕೇ ಹೋಗತೊಡಗಿತು. ಈ ಪ್ರಮಾಣ 70 ದಾಟಿದ ಕ್ಲಬ್ಬನ್ನು ಕಂಡರೆ ಹುಷಾರಾಗಬೇಕು. 2023ರಲ್ಲಿ ಲೆಸ್ಟರ್ ಕೆಳಗಿನ ದರ್ಜೆಗೆ ಇಳಿಯಿತು. ಮಾಲೀಕ ಒಳ್ಳೆಯವನಾಗಿದ್ದರೆ ಸಾಲದು, ಅವನ ಮೂಲ ವ್ಯಾಪಾರ ಯಾವುದರ ಮೇಲೆ ನಿಂತಿದೆ ಅಂತಲೂ ನೋಡಬೇಕು.

ಇನ್ನು ಆಟಗಾರರ ಬೆಲೆಯ ಲೆಕ್ಕ. ಪತ್ರಿಕೆಯಲ್ಲಿ ಐದು ಕೋಟಿ ಪೌಂಡಿಗೆ ಆಟಗಾರನನ್ನು ಕೊಂಡರು ಅಂತ ಓದುತ್ತೀರಿ. ಅವನ ಕರಾರು ಐದು ವರ್ಷದ್ದಾದರೆ ಕ್ಲಬ್ಬಿನ ಪುಸ್ತಕದಲ್ಲಿ ವರ್ಷಕ್ಕೆ ಒಂದು ಕೋಟಿ ಖರ್ಚು ಬೀಳುತ್ತದೆ. ಮೂರು ವರ್ಷ ಕಳೆದಾಗ ಪುಸ್ತಕದಲ್ಲಿ ಅವನ ಬೆಲೆ ಎರಡು ಕೋಟಿ. ಆಗ ಮೂರು ಕೋಟಿಗೆ ಮಾರಿದರೆ, ಕೊಂಡದ್ದಕ್ಕಿಂತ ಕಡಿಮೆಗೆ ಮಾರಿದರೂ, ಲೆಕ್ಕದಲ್ಲಿ ಒಂದು ಕೋಟಿ ಲಾಭ! ಚೆಲ್ಸಿಯ ಹೊಸ ಮಾಲೀಕರು ಎಂಟು ವರ್ಷದ ಕರಾರು ಬರೆಸಿಕೊಳ್ಳತೊಡಗಿದ್ದು ಇದಕ್ಕೇ. ಅದೇ ಐದು ಕೋಟಿಯನ್ನು ಎಂಟರಿಂದ ಭಾಗಿಸಿದರೆ ವರ್ಷಕ್ಕೆ 62.5 ಲಕ್ಷ ಮಾತ್ರ. ಯುರೋಪಿನ ಫುಟ್‌ಬಾಲ್ ಆಡಳಿತ ಮಂಡಳಿ 2023ರಲ್ಲಿ ಈ ಹಂಚಿಕೆಗೆ ಐದು ವರ್ಷದ ಮಿತಿ ಹಾಕಿತು. ಕ್ಲಬ್ಬಿನಲ್ಲೇ ಬೆಳೆದ ಹುಡುಗನಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ, ಆದ್ದರಿಂದ ಅವನನ್ನು ಮಾರಿದ ಇಡೀ ದುಡ್ಡು ಲಾಭ. ಅಭಿಮಾನಿಗಳು ಯಾರನ್ನು ತಮ್ಮ ಮನೆಮಗ ಅಂದುಕೊಳ್ಳುತ್ತಾರೋ ಅವನನ್ನೇ ಮಾರುವುದು ಮಾಲೀಕನಿಗೆ ಲಾಭ ಅನ್ನುವಂಥ ನಿಯಮ ನನಗೆ ಸರಿ ಕಾಣುವುದಿಲ್ಲ.

ಪ್ರೀಮಿಯರ್ ಲೀಗಿನ ನಿಯಮದಲ್ಲಿ ಮೂರು ವರ್ಷಕ್ಕೆ ಒಟ್ಟು 10.5 ಕೋಟಿ ಪೌಂಡಿನವರೆಗೆ ನಷ್ಟ ಮಾಡಿಕೊಳ್ಳಲು ಅವಕಾಶವಿತ್ತು. ಆ ಗೆರೆ ದಾಟಿದ್ದಕ್ಕೆ ಎವರ್ಟನ್‌ಗೆ 2023ರ ನವೆಂಬರಿನಲ್ಲಿ 10 ಅಂಕ ಕಡಿತವಾಯಿತು, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು.

ಈಗ ಎರಡನೆಯ ಪ್ರಶ್ನೆ, ತೀರ್ಮಾನ ಯಾರದು. ಇದಕ್ಕೆ ಬ್ಲ್ಯಾಕ್‌ಬರ್ನ್ ರೋವರ್ಸ್‌ಗಿಂತ ಒಳ್ಳೆಯ ಪಾಠ ಇಲ್ಲ. ಆ ಊರಿನಲ್ಲೇ ಹುಟ್ಟಿದ ಜಾಕ್ ವಾಕರ್ ತಮ್ಮ ಉಕ್ಕಿನ ವ್ಯಾಪಾರವನ್ನು 1989ರಲ್ಲಿ ಬ್ರಿಟಿಷ್ ಸ್ಟೀಲ್‌ಗೆ 33 ಕೋಟಿ ಪೌಂಡಿಗೆ ಮಾರಿ, ಆ ದುಡ್ಡಿನಿಂದ ಬಾಲ್ಯದ ಕ್ಲಬ್ಬನ್ನು ಎತ್ತಿ ನಿಲ್ಲಿಸಲು ಹೊರಟರು. ಆಗ ಅದು ಎರಡನೆಯ ದರ್ಜೆಯಲ್ಲಿತ್ತು. ಅವರು ಮಾಡಿದ ಕೆಲಸದ ಕ್ರಮ ನೋಡಿ: 1991ರಲ್ಲಿ ಮೊದಲು ಕೆನ್ನಿ ಡಾಲ್ಗ್ಲಿಶ್ ಅವರನ್ನು ಮ್ಯಾನೇಜರ್ ಆಗಿ ಒಪ್ಪಿಸಿದರು. ಆಮೇಲೆ 1992ರಲ್ಲಿ ಗೋಲು ಹೊಡೆಯುವ ಆಟಗಾರ ಅಲನ್ ಶಿಯರರ್‌ನನ್ನು ಬ್ರಿಟನ್ನಿನ ದಾಖಲೆ ಬೆಲೆಗೆ ತಂದರು. ಮೈದಾನ ಕಟ್ಟಿಸಿದರು, ತರಬೇತಿ ಕೇಂದ್ರ ಕಟ್ಟಿಸಿದರು. ಆಟ ಬಲ್ಲವನು ಮೊದಲು, ಅವನು ಕೇಳಿದ ಆಟಗಾರ ಆಮೇಲೆ. 1914ರ ನಂತರ 81 ವರ್ಷಕ್ಕೆ, 1995ರಲ್ಲಿ, ಲೀಗ್ ಪಟ್ಟ ಬಂತು. ಡಾಲ್ಗ್ಲಿಶ್ ಆ ಕೆಲಸ ಬಿಟ್ಟರು, ಮರುವರ್ಷ ಶಿಯರರ್ ಹೋದ, 1999ರಲ್ಲಿ ವಾಕರ್ ಬದುಕಿರುವಾಗಲೇ ತಂಡ ಕೆಳಗಿಳಿಯಿತು. ದುಡ್ಡು ಅದೇ ಇತ್ತು, ಅದನ್ನು ಖರ್ಚು ಮಾಡುವ ಕೈ ಬದಲಾಗಿತ್ತು.

2010ರ ನವೆಂಬರಿನಲ್ಲಿ ನಮ್ಮ ದೇಶದವರೇ, ಪುಣೆಯ ಕೋಳಿ ಉದ್ಯಮದ ವೆಂಕೀಸ್, ಇದೇ ಕ್ಲಬ್ಬನ್ನು ಸುಮಾರು 2.3 ಕೋಟಿ ಪೌಂಡಿಗೆ ಕೊಂಡರು. ಒಂದು ತಿಂಗಳೊಳಗೆ ಅನುಭವಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದರು. ತಂಡ ಆಗ 13ನೆಯ ಸ್ಥಾನದಲ್ಲಿತ್ತು, ಅಂಥ ಗಂಡಾಂತರವೇನೂ ಇರಲಿಲ್ಲ. ಮ್ಯಾನೇಜರ್ ಆಗಿ ಅನುಭವವೇ ಇಲ್ಲದ ಸ್ಟೀವ್ ಕೀನ್ ಆ ಜಾಗಕ್ಕೆ ಬಂದರು. 2012ರಲ್ಲಿ ತಂಡ ಇಳಿಯಿತು. ಆಮೇಲೆ ಬಂದ ಹೆನ್ನಿಂಗ್ ಬರ್ಗ್ 57 ದಿನಕ್ಕೆ ಹೊರಗೆ, ಅವರ ನಂತರದ ಮೈಕಲ್ ಆಪಲ್ಟನ್ 67 ದಿನಕ್ಕೆ. ಬರ್ಗ್ ಕೋರ್ಟಿಗೆ ಹೋಗಿ ಇಪ್ಪತ್ತು ಲಕ್ಷ ಪೌಂಡಿಗೂ ಹೆಚ್ಚು ಪರಿಹಾರ ಗೆದ್ದರು. 2017ರಲ್ಲಿ ತಂಡ ಮೂರನೆಯ ದರ್ಜೆಗೂ ಹೋಗಿ ಬಂತು. ಈ ಮಾಲೀಕರು ಜಿಪುಣರು ಅನ್ನಲಾಗದು, ನಷ್ಟ ತುಂಬಲು ಕೋಟಿಗಟ್ಟಲೆ ಪೌಂಡ್ ಕಳಿಸಿದ್ದಾರೆ. ತಪ್ಪಿದ್ದು ಮೊದಲ ಎರಡು ವರ್ಷ. ಸಾಹುಕಾರರು ದೂರದ ಊರಿನಲ್ಲಿ ಕೂತು, ತೋಟ ಬಲ್ಲ ರೈಟರನ್ನು ಕೆಲಸದಿಂದ ತೆಗೆದು, ಮೇಸ್ತ್ರಿಗಳನ್ನು ಎರಡು ತಿಂಗಳಿಗೊಮ್ಮೆ ಬದಲಾಯಿಸಿದರೆ ಗಿಡ ಏನಾಗುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಕಾಫಿ ಗಿಡ ನೆಟ್ಟ ಮೂರು ನಾಲ್ಕು ವರ್ಷಕ್ಕೆ ಮೊದಲ ಫಸಲು. ತಂಡ ಕಟ್ಟುವುದಕ್ಕೂ ಸರಿಸುಮಾರು ಅಷ್ಟೇ ಬೇಕು.

ಬ್ರೈಟನ್‌ನ ಮಾಲೀಕ ಟೋನಿ ಬ್ಲೂಮ್ ಇದನ್ನು ಅರಿತವರು. ಆಟಗಾರ ಮೊಯ್ಸೆಸ್ ಕೈಸೆಡೊನನ್ನು ಈಕ್ವೆಡಾರ್‌ನಿಂದ ಸುಮಾರು 45 ಲಕ್ಷ ಪೌಂಡಿಗೆ ತಂದು, 2023ರಲ್ಲಿ ಎಲ್ಲ ಸೇರಿ 11.5 ಕೋಟಿಯವರೆಗಿನ ಒಪ್ಪಂದಕ್ಕೆ ಮಾರಿದರು. ಅಲ್ಲಿ ಕೋಚ್ ಬದಲಾದರೂ ಆಟಗಾರರನ್ನು ಹುಡುಕುವ ವಿಭಾಗ ಬದಲಾಗುವುದಿಲ್ಲ.

ಮತ್ತೆ ಸಾಲದ ಮಾತಿಗೆ ಬಂದರೆ, ಲೀಡ್ಸ್ ಯುನೈಟೆಡ್ ಮುಂದಿನ ಹಲವು ವರ್ಷಗಳ ಟಿಕೆಟ್ ದುಡ್ಡಿನ ಮೇಲೆ 6 ಕೋಟಿ ಪೌಂಡ್ ಸಾಲ ಎತ್ತಿತ್ತು. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲೇ ಫಸಲನ್ನು ಅಡವಿಟ್ಟ ಹಾಗೆ. 2001ರಲ್ಲಿ ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್, ಆಮೇಲೆ ಆ ಟೂರ್ನಿಗೆ ಅರ್ಹತೆ ತಪ್ಪಿತು, ಆಟಗಾರರನ್ನು ಮಾರಿದರು, 2004ರಲ್ಲಿ ಕೆಳಗಿಳಿದವರು ಮತ್ತೆ ಮೇಲೆ ಬರಲು 16 ವರ್ಷ ಹಿಡಿಯಿತು.

ನಮ್ಮ ದೇಶದ ಕ್ಲಬ್ಬುಗಳ ಸ್ಥಿತಿ ಇನ್ನೂ ಸೂಕ್ಷ್ಮ. ಇಂಗ್ಲೆಂಡಿನಲ್ಲಿ ಟಿವಿ ಹಕ್ಕು, ಪ್ರಾಯೋಜಕರು, ಟಿಕೆಟ್ ಅಂತ ಮೂರು ಕಾಲಿನ ಮೇಲೆ ಕ್ಲಬ್ಬು ನಿಂತಿರುತ್ತದೆ. ಇಲ್ಲಿ ಬಹುತೇಕ ಒಂದೇ ಕಾಲು, ಮಾಲೀಕನ ಜೇಬು. 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಫಗ್ವಾಡದ ಜೆಸಿಟಿ ತಂಡವನ್ನು ಅದರ ಕಂಪನಿ 2011ರಲ್ಲಿ ಮುಚ್ಚಿತು. ಮುಂಬೈಯ ಮಹೀಂದ್ರ ಯುನೈಟೆಡ್ ಅದಕ್ಕೂ ಒಂದು ವರ್ಷ ಮೊದಲೇ ಮುಚ್ಚಿತ್ತು. ಹೈದರಾಬಾದ್ ಎಫ್‌ಸಿ 2022ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ಗೆದ್ದಿತು, ಎರಡೇ ವರ್ಷದಲ್ಲಿ ಸಂಬಳ ಬಾಕಿಯಾಗಿ ಆಟಗಾರರು ಒಬ್ಬೊಬ್ಬರಾಗಿ ಹೊರಟರು. ನಮ್ಮ ಬೆಂಗಳೂರು ಎಫ್‌ಸಿ ಇವರಿಗಿಂತ ಗಟ್ಟಿ. ಜಿಂದಾಲ್‌ನವರ ಜೆಎಸ್‌ಡಬ್ಲ್ಯು 2013ರಲ್ಲಿ ಕಟ್ಟಿದ ಈ ಕ್ಲಬ್ಬು ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಿತು. ಆದರೂ 2025ರ ಆಗಸ್ಟ್‌ನಲ್ಲಿ, ಐಎಸ್‌ಎಲ್ ನಡೆಸುವ 15 ವರ್ಷದ ಒಪ್ಪಂದ ಮುಗಿಯುತ್ತಾ ಬಂದು ಲೀಗ್ ನಡೆಯುತ್ತದೋ ಇಲ್ಲವೋ ಎಂಬ ಸ್ಥಿತಿ ಬಂದಾಗ, ಮೊದಲ ತಂಡದ ಸಂಬಳ ತಡೆಹಿಡಿಯಿತು.

ನಮ್ಮ ಎರಡು ಜಿಲ್ಲೆಗಳಲ್ಲಿ ಸೆವೆನ್ಸ್, ಫೈವ್ಸ್ (ತಂಡಕ್ಕೆ ಏಳು, ಐದು ಜನ ಆಡುವ) ಪಂದ್ಯಾವಳಿ ನಡೆಸುವ ಯುವಕರಿಗೆ ಇದರಿಂದ ಏನು ಉಪಯೋಗ ಅನ್ನುವಿರಾ? ನಿಮ್ಮಲ್ಲೂ ಜೆರ್ಸಿ, ಚೆಂಡು, ಬಹುಮಾನ, ಊಟ ಎಲ್ಲವನ್ನೂ ಒಬ್ಬರೇ ದಾನಿ ಕೊಡುವುದುಂಟು. ಅವರಿಗೆ ಕೃತಜ್ಞರಾಗಿರಿ, ಆದರೆ ಆ ಹಣಕ್ಕೆ ಒಂದು ರೂಪ ಕೊಡಿ. ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಬಹುದು. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು, ಹಣ ತೆಗೆಯಲು ಇಬ್ಬರ ಸಹಿ ಕಡ್ಡಾಯ ಮಾಡಿ. ದಾನಿ ಕೊಟ್ಟದ್ದು ಕೊಡುಗೆಯೋ ಸಾಲವೋ ಅಂತ ರಸೀದಿಯಲ್ಲೇ ಬರೆಯಿರಿ. ಚುನಾವಣೆಯ ವರ್ಷದಲ್ಲಿ ಜಗಳ ಹುಟ್ಟುವುದು ಅಲ್ಲೇ. ತಂಡದ ಆಯ್ಕೆ ಕೋಚ್‌ನದು, ದಾನಿಯ ಮಗನಿಗೂ ಅದೇ ನಿಯಮ ಅನ್ನುವುದನ್ನು ಹಣ ಪಡೆಯುವ ಮೊದಲೇ ಅವರಿಗೆ ತಿಳಿಸಿ. ಪ್ರವೇಶ ಶುಲ್ಕ ಎಷ್ಟು ಬರಬಹುದೆಂದು ಲೆಕ್ಕ ಹಾಕಿ ಅದರ ಮೇಲೆ ಬಹುಮಾನ ಘೋಷಿಸಬೇಡಿ: 16 ತಂಡ ಅಂದುಕೊಂಡ ಕಡೆ ಮಳೆ ಬಂದರೆ 9 ತಂಡ ಬರುತ್ತವೆ, ರೆಫ್ರಿಗೆ ಕೊಡುವ ದುಡ್ಡು, ಪ್ರಥಮ ಚಿಕಿತ್ಸೆಯ ಖರ್ಚು ಮಾತ್ರ ಅಷ್ಟೇ ಇರುತ್ತದೆ. ಬಹುಮಾನದ ಮೊತ್ತ ಖಾತೆಯಲ್ಲಿ ಬಿದ್ದ ಮೇಲೆ ಕರಪತ್ರ ಅಚ್ಚಿಗೆ ಕೊಡಿ.

ನಮಸ್ಕಾರ.